ಮಣ್ಣಿನೊಳಗಿನ ಜಂಗಮ



ಅಮರಕೋಶದಲ್ಲಿ ಭೂಮಿಗೆ ‘ಸರ್ವಂಸಹಾ’ ಎಂಬ ಹೆಸರುಂಟು. ಎಲ್ಲವನ್ನೂ ಸಹಿಸುವವಳು ಎಂದು ಅರ್ಥ. ನೇಗಿಲಿನಿಂದ ಸೀಳಿದರೂ ಸಹಿಸುತ್ತಾಳೆ, ಗುದ್ದಲಿಯಿಂದ ಅಗೆದರೂ ಸಹಿಸುತ್ತಾಳೆ. ಸಹಿಸುತ್ತಾಳೆಂದು ಆಕೆಯ ಮಡಿಲಿಗೆ ಬೆಂಕಿ ಇಡಬಹುದೇ? ಇಂದು ಈ ಒಂದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇವೆ.

ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಹೊಲದ ಮಣ್ಣು ಕಣ್ಣಿಗೆ ಸ್ಥಾವರವಾಗಿಯೇ ತೋರುತ್ತದೆ. ಆದರೆ ವಿಜ್ಞಾನಿಗಳು ಹೇಳುವುದೇನು? ಚೆನ್ನಾಗಿ ಸಾಕಿದ ಹೊಲದ ಒಂದು ಚಮಚ ಮಣ್ಣಿನಲ್ಲಿ ಸುಮಾರು 100 ಕೋಟಿ ಸೂಕ್ಷ್ಮಜೀವಿಗಳು, ಸಾವಿರಾರು ಜಾತಿಯವು, ಇರುತ್ತವೆ. ಒಂದೊಂದಕ್ಕೂ ಒಂದೊಂದು ಕಾಯಕ. ಕೆಲವು ಕಸವನ್ನು ಕೊಳೆಯಿಸಿ ಗೊಬ್ಬರ ಮಾಡುತ್ತವೆ. ಕೆಲವು ತೊಗರಿಯ ಬೇರಿನ ಗಂಟಿನಲ್ಲಿ ಕುಳಿತು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಶಿಲೀಂಧ್ರದ ಎಳೆಗಳು ಬೇರು ಮುಟ್ಟಲಾರದ ಕಡೆಯಿಂದ ರಂಜಕವನ್ನು ತಂದು ಮುಟ್ಟಿಸುತ್ತವೆ. ಇವು ಕೂಲಿ ಕೇಳುವುದಿಲ್ಲ, ಅನ್ನ ಕೇಳುತ್ತವೆ. ಸೊಪ್ಪು, ಸಗಣಿ, ಬೆಳೆಯ ಉಳಿಕೆ, ಇವೇ ಅವುಗಳ ಅನ್ನ.

ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ನು ರವದಿ ಬೀಳುತ್ತದೆ. ನಾವು ಮಾಡುವುದೇನು? ಕಡ್ಡಿ ಗೀರುತ್ತೇವೆ. ಅದರ ಇಂಗಾಲವೂ ಸಾರಜನಕವೂ ಬಹುಪಾಲು ಹೊಗೆಯಾಗಿ ಹೋಗುತ್ತವೆ. ಮೇಲ್ಪದರದ ಜೀವಿಗಳು ಬೇಯುತ್ತವೆ. ‘ಬೂದಿಯೂ ಗೊಬ್ಬರವಲ್ಲವೇ?’ ಎನ್ನುವಿರಿ. ಬೂದಿಯಲ್ಲಿ ಪೊಟ್ಯಾಷ್ ಉಂಟು, ನಿಜ. ಆದರೆ ಬೂದಿ ಈ ಜೀವಿಗಳಿಗೆ ಅನ್ನವಲ್ಲ. ಆಳದಲ್ಲಿ ಉಳಿದವು ಮತ್ತೆ ಮೇಲೆ ಬಂದಾವು. ವರ್ಷವರ್ಷವೂ ಉಣ್ಣಲು ಇಲ್ಲದಿದ್ದರೆ ಅವುಗಳ ಸಂತತಿ ಬೆಳೆಯುವುದೆಂತು?

ನಿಮಗೆ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಬೇಕು. ಮಠದ ಹೊಲದಲ್ಲಿಯೂ ಅನೇಕ ವರ್ಷ ರವದಿಗೆ ಬೆಂಕಿ ಬಿದ್ದಿದೆ. ‘ಅಪ್ಪಾರ, ಸುಟ್ರ ಕುಳೆ ಲಗೂ ಒಡಿತೈತ್ರಿ’ ಎಂದು ಹೊಲ ನೋಡುವವನು ಹೇಳಿದ. ನಾವು ಹೂಂ ಎಂದೆವು. ದಾಸೋಹದ ಮನೆಯಲ್ಲಿ ಒಂದು ಅಗುಳು ಚೆಲ್ಲಿದರೆ ನೊಂದುಕೊಳ್ಳುವ ನಾವು, ಹೊಲದಲ್ಲಿ ಅಸಂಖ್ಯ ಜೀವಿಗಳ ಎಡೆಯನ್ನೇ ಸುಟ್ಟೆವು.

ಸ್ವಿಟ್ಜರ್ಲೆಂಡ್ ದೇಶದಲ್ಲಿ 1978ರಿಂದ ಅಕ್ಕಪಕ್ಕದ ತುಂಡುಗಳಲ್ಲಿ ಬೇರೆ ಬೇರೆ ವಿಧದ ಬೇಸಾಯ ಮಾಡಿ ನೋಡುತ್ತಿದ್ದಾರೆ. 21 ವರ್ಷದ ಫಲವನ್ನು 2002ರಲ್ಲಿ ಪ್ರಕಟಿಸಿದರು. ಸಾವಯವ ಬೇಸಾಯದ ತುಂಡಿನಲ್ಲಿ ಎರೆಹುಳು ಹೆಚ್ಚು, ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚು. ಶಿಲೀಂಧ್ರ ಸೇರಿದ ಬೇರಿನ ಉದ್ದ ನೂರಕ್ಕೆ 40ರಷ್ಟು ಹೆಚ್ಚು. ಇಳುವರಿ ಮಾತ್ರ ನೂರಕ್ಕೆ 20ರಷ್ಟು ಕಡಿಮೆ. ಅದನ್ನು ಮುಚ್ಚಿಡಬಾರದು. ಸಾಲದಲ್ಲಿರುವ ರೈತನಿಗೆ ‘ಚೀಲದ ಗೊಬ್ಬರವನ್ನು ನಾಳೆಯೇ ಬಿಡು’ ಎನ್ನುವುದು ದಯೆಯಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಅಳೆದು ಹಾಕಿರಿ. ಜೋಳದಲ್ಲಿ ತೊಗರಿಯ ಅಕ್ಕಡಿ ಬಿಡಬೇಡಿರಿ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹರಡಿ, ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಳ್ಳಿರಿ. ಕೈಕೆಲಸ ಹೆಚ್ಚುತ್ತದೆ, ಕಾಯಕವೆಂದರೆ ಅದೇ ಅಲ್ಲವೇ? ತಿಂಗಳುಗಳಲ್ಲಿ ಅದು ಮಣ್ಣಾಗುತ್ತದೆ. ಇದು ಮಣ್ಣಿನೊಳಗಿನ ಜಂಗಮಕ್ಕೆ ನಾವು ಮಾಡುವ ದಾಸೋಹ.

ಈ ಹೊತ್ತು ನಮ್ಮ ಜೋಳಿಗೆಗೆ ಕಾಳು ಬೇಡ, ಕಾಣಿಕೆ ಬೇಡ. ಹೊಲಕ್ಕೆ ಒಯ್ಯುವ ಕಡ್ಡಿಪೆಟ್ಟಿಗೆಯನ್ನು ಹಾಕಿರಿ. ಮೊದಲನೆಯದಾಗಿ ಮಠದ್ದನ್ನು ನಾವೇ ಹಾಕಿದ್ದೇವೆ.