ಮರಿಯಮ್ಮ ಯಾರ ಹೆಸರು?

ಬೈಬಲ್ ಮೂಲದ ಹೆಸರುಗಳ ವಿಚಾರಸಂಕಿರಣ ರಾಯಚೂರಿನಲ್ಲೇಕೆ ಎಂದು ಕೆಲವರು ಕೇಳಿದರಂತೆ. ಇಲ್ಲಲ್ಲದೆ ಮತ್ತೆಲ್ಲಿ ಎಂಬುದೇ ನನ್ನ ಉತ್ತರ.

1520ರ ರಾಯಚೂರು ಕದನ ಶಾಲೆಯ ಮಕ್ಕಳಿಗೂ ಗೊತ್ತು. ಅಂದು ಕೃಷ್ಣದೇವರಾಯನಿಗೆ ಎದುರಾದವನು ಇಸ್ಮಾಯಿಲ್ ಆದಿಲ್ ಶಾ. ಅವನ ತಂದೆ ಯೂಸುಫ್, ಮಗ ಇಬ್ರಾಹಿಂ. ಬೈಬಲ್ಲಿನ ಆದಿಕಾಂಡ ತೆರೆದರೆ ಇಷ್ಮಾಯೇಲ, ಯೋಸೇಫ, ಅಬ್ರಹಾಮ ಎಂದು ಇವೇ ಮೂರು ಹೆಸರು ಸಿಗುತ್ತವೆ. ಹೀಗೆ ಅರಬ್ಬಿ, ಪಾರಸಿಯ ದಾರಿ ಹಿಡಿದು ಈ ಹೆಸರುಗಳು ರಾಯಚೂರು ದೋಆಬಿಗೆ ಬಂದವು. ಆದಿಲ್ ಶಾಹಿ ಕಾಲದಲ್ಲೇ ಮುದಗಲ್ಲಿನಲ್ಲಿ ಕ್ಯಾಥೋಲಿಕ್ ಮತವೂ ನೆಲೆಯೂರಿತು. ಮುಂದೆ ನೆರೆಯ ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಅಂತೂ ಒಂದೇ ಹೆಸರು ದಾವೂದ, ದಾವೀದ, ಡೇವಿಡ್ ಎಂದು ಮೂರು ಬಾಯಲ್ಲಿ ಆಡುವ ಸೀಮೆ ನಮ್ಮದು.

ನಮ್ಮ ನಾಮವಿಜ್ಞಾನ ದಾರಿ ತಪ್ಪಿದ್ದು ಇಂಥ ಹೆಸರುಗಳ ವಿಷಯದಲ್ಲೇ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ಶಂಬಾ ಜೋಶಿ, ಎಂ.ಎಂ. ಕಲಬುರ್ಗಿ, ಎಂ. ಚಿದಾನಂದಮೂರ್ತಿ ಅವರಂಥ ವಿದ್ವಾಂಸರು ಹಾಕಿಕೊಟ್ಟ ಅಡಿಪಾಯದ ಮೇಲೆ ಸ್ಥಳನಾಮಗಳ ಕೆಲಸ ಚೆನ್ನಾಗಿ ನಡೆಯಿತು. ಬೆಂಗಳೂರು ಸೀಮೆಯ ಕ್ಯಾಥೋಲಿಕರಲ್ಲಿ ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಯೋಹಾನ ಅರುಳಪ್ಪನಾದ ಬಗೆಯನ್ನು ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಅದನ್ನು ಅವರ ಬಾಯಿಂದಲೇ ಕೇಳೋಣ. ಆದರೆ ಬೈಬಲ್ ಹೆಸರು ಕಂಡೊಡನೆ ನಾವು ಅದಕ್ಕೆ ಮತದ ಚೀಟಿ ಅಂಟಿಸಿ ಪಟ್ಟಿಗೆ ಸೇರಿಸಿಬಿಡುತ್ತೇವೆ. ಅದು ಕನ್ನಡದ ಮಾತಾಗಿ ಹೇಗೆ ಬದುಕಿದೆ ಎಂದು ಕೇಳುವುದಿಲ್ಲ.

ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಹಾಜರಿ ಕೂಗುವುದನ್ನು ಕೇಳಿದ್ದೇನೆ. ಯಂಕೋಬ ಅಂದರೆ ಒಬ್ಬ ಹುಡುಗ ಎದ್ದ, ಯಾಕೋಬ ಅಂದರೆ ಅವನ ಪಕ್ಕದವನು. ಒಬ್ಬನದು ತಿರುಪತಿ ವೆಂಕಟೇಶನ ಹೆಸರು, ಇನ್ನೊಬ್ಬನದು ಇಸಾಕನ ಮಗನ ಹೆಸರು. ಬಯಲಿಗೆ ಬಿಟ್ಟ ಮೇಲೆ ಅವರು ಯಂಕ್ಯಾ, ಯಾಕ್ಯಾ. ಆ ಮಕ್ಕಳಿಗೆ ಎರಡೂ ನಮ್ಮೂರ ಹೆಸರೇ. ಮೊಹರಂ ಹರಕೆಯಿಂದ ಹುಸೇನಪ್ಪ, ಇಮಾಮಪ್ಪ ಎಂದು ಹೆಸರಾದ ಹಿಂದೂಗಳ ನಾಡಿನಲ್ಲಿ ಇದೇನೂ ಸೋಜಿಗವಲ್ಲ.

ಇನ್ನೊಂದು ಮಾತು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ ಗೋಪಾಲದಾಸರಾದರು; ಮಾನ್ವಿಯ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಹರಿದಾಸರು ಪಡೆದ ಅಂಕಿತ ಎಂದು ಅದನ್ನು ಗೌರವಿಸುತ್ತೇವೆ. ಕೂಲಿಕಾರನ ಮಗ ದೀಕ್ಷಾಸ್ನಾನ ಪಡೆದು ಯೋಹಾನನಾದರೆ ಅದನ್ನು ಬರೀ ಮತಾಂತರದ ಗುರುತು ಎಂದು ಬರೆಯುತ್ತೇವೆ. ಹೊಸ ಹೆಸರಿನಲ್ಲಿ ಹೊಸ ಬಾಳನ್ನು ಬಯಸಿದ ಮನಸ್ಸು ಎರಡೂ ಕಡೆ ಇದೆಯಲ್ಲವೆ? ಈ ಭೇದ ನನ್ನನ್ನು ನೋಯಿಸುತ್ತದೆ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಮರಿಯಮ್ಮನದು. ಊರ ಹೊರಗಿನ ಗುಡಿಯ ಮಾರೆಮ್ಮ ಬರವಣಿಗೆಗೆ ಬಂದಾಗ ಮರಿಯಮ್ಮ ಆಗಬಹುದು. ಯೇಸುವಿನ ತಾಯಿ ಮರಿಯಳಿಗೆ ನಮ್ಮ ‘ಅಮ್ಮ’ ಸೇರಿದರೂ ಮರಿಯಮ್ಮನೇ. ದರ್ಗಾದ ಓಣಿಯಲ್ಲಿ ಆಕೆ ಮರಿಯಂಬಿ. ಮತದಾರರ ಪಟ್ಟಿಯಲ್ಲಿ ಮರಿಯಮ್ಮ ಎಂದಷ್ಟೇ ಇದ್ದರೆ ಆಕೆ ಯಾರ ಹೆಸರಿನವಳು? ಸಿಡುಬಿಗೆ ಅಂಜಿ ಹೊತ್ತ ಹರಕೆಯೊ, ಪಾದ್ರಿಗಳು ಇಟ್ಟದ್ದೊ, ಅಜ್ಜಿಯ ಹೆಸರು ಮೊಮ್ಮಗಳಿಗೆ ಬಂದದ್ದೊ? ಒಂದೇ ಮನೆತನದಲ್ಲಿ ಅಜ್ಜಿಗೆ ಮಾರಿಯ ಹೆಸರು, ಮೊಮ್ಮಗಳಿಗೆ ಮರಿಯಳ ಹೆಸರು ಆಗಿರಲೂಬಹುದು. ಕೂಗುವ ದನಿ ಮಾತ್ರ ಬದಲಾಗದು. ಇದನ್ನು ಅಕ್ಷರ ನೋಡಿ ಬಿಡಿಸಲಾಗದು. ನನ್ನಿಂದ ಇನ್ನೂ ಬಿಡಿಸಲಾಗಿಲ್ಲ.

ಕಾಗದವೂ ಇಲ್ಲಿ ಪೂರ್ತಿ ಸಾಕ್ಷಿಯಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಹಾಗಾಗಿ ಶಾಲೆಗೊಂದು, ಪ್ರಾರ್ಥನೆಗೊಂದು ಹೆಸರಿಟ್ಟುಕೊಂಡ ಮನೆಗಳುಂಟು. ದಾಖಲೆ ಎಣಿಸುವವರಿಗೆ ಕಾಣುವುದು ಅರ್ಧ ಮಾತ್ರ. ಉಳಿದರ್ಧವನ್ನು ನಂಬಿ ಹೇಳಿದವರ ಗುರುತನ್ನು ಯಾವ ಪ್ರಬಂಧದಲ್ಲೂ ಬಯಲು ಮಾಡಬೇಡಿ ಎಂದು ಸಂಶೋಧನಾ ವಿದ್ಯಾರ್ಥಿಗಳನ್ನು ಕೈಮುಗಿದು ಕೇಳುತ್ತೇನೆ.

ನನ್ನ ಕೋರಿಕೆ ಇಷ್ಟೆ: ಹೆಸರಿನ ಮುಂದೆ ಧರ್ಮದ ಕಲಂ ತುಂಬುವ ಮೊದಲು ಅದನ್ನು ಇಟ್ಟವರು ಯಾರು, ಯಾಕೆ ಇಟ್ಟರು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಹೆಸರಿಟ್ಟ ಅಜ್ಜಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಈ ಕೆಲಸ ಆಗಬೇಕು. ಈ ಸಂಕಿರಣ ಅದಕ್ಕೆ ಮೊದಲಾಗಲಿ ಎಂದು ಆಶಿಸುತ್ತ ನನ್ನ ಮಾತು ಮುಗಿಸುತ್ತೇನೆ.