ಗ್ರಾಹಕರು ಕೂರೋ ಕಂಪ್ಯೂಟರ್‌ಗೆ ಒಂದೇ ಆ್ಯಪ್ ಸಾಕು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಬಸ್ ಇಳೀರಿ, ಹತ್ತಿರದಲ್ಲೇ ಒಂದು ಸೈಬರ್ ಸೆಂಟರ್ ಸಿಗುತ್ತೆ. ಪಹಣಿ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ ಎಲ್ಲಕ್ಕೂ ಜನ ಅಲ್ಲಿಗೇ ಬರ್ತಾರೆ. ಅಲ್ಲಿ ಗ್ರಾಹಕರೇ ಕೂತು ಬಳಸೋ ಕಂಪ್ಯೂಟರ್ ಇದೆಯಲ್ಲ, ಇವತ್ತಿನ ಮಾತು ಅದರ ಬಗ್ಗೆ.

ಒಬ್ಬ ವಿದ್ಯಾರ್ಥಿನಿ ಅರ್ಜಿ ತುಂಬಿ, ಜಿಮೇಲ್ ಲಾಗೌಟ್ ಮಾಡದೇ ಎದ್ದು ಹೋದಳು ಅಂದ್ಕೊಳ್ಳಿ. ಆಧಾರ್, ಅಂಕಪಟ್ಟಿ ಎಲ್ಲಾ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿದ್ದಿವೆ. ಆಮೇಲೆ ಬಂದು ಕೂತವರು ಕಳ್ಳರೇ ಆಗಬೇಕಿಲ್ಲ, ಕುತೂಹಲ ಇದ್ರೆ ಸಾಕು.

ಇದಕ್ಕೆ ಮದ್ದು ವಿಂಡೋಸ್ ಒಳಗೇ ಇದೆ. ಒಂದು ಅಕೌಂಟ್‌ಗೆ ಒಂದೇ ಆ್ಯಪ್ ಕೊಡೋ ಸೌಲಭ್ಯ 2013ರ ವಿಂಡೋಸ್ 8.1ರಲ್ಲೇ ಬಂತು. ಈಗಿನ 11ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್, ಅದರ್ ಯೂಸರ್ಸ್, ಅಲ್ಲಿ ಕಿಯೋಸ್ಕ್ ಅಂತ ಸಿಗುತ್ತೆ. ಎಡ್ಜ್ ಬ್ರೌಸರ್ ಆರಿಸಿ, ಪಬ್ಲಿಕ್ ಬ್ರೌಸರ್ ಅನ್ನಿ. ಇನ್ಮೇಲೆ ಆ ಅಕೌಂಟ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲ, ಸ್ಟಾರ್ಟ್ ಮೆನು ಇಲ್ಲ, ಬ್ರೌಸರ್ ಒಂದೇ. 5 ನಿಮಿಷ ಯಾರೂ ಮುಟ್ಟದಿದ್ರೆ ಅದು ಹೊಸದಾಗಿ ಶುರುವಾಗಿ, ಹಿಂದಿನವರ ಲಾಗಿನ್ ಅಳಿಸಿ ಹೋಗುತ್ತೆ. ಪ್ರಿಂಟೂ ಆಗುತ್ತೆ. ಕರೆಂಟ್ ಹೋಗಿ ಬಂದ್ಮೇಲೆ ಆನ್ ಮಾಡಿದ್ರೆ ನೇರ ಅದೇ ಬ್ರೌಸರ್. ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದ್ರೆ ಹೊರಗೆ ಬರಬಹುದು, ಆದ್ರೆ ಬರೋದು ಲಾಗಿನ್ ಪರದೆಗೆ. ಅಡ್ಮಿನ್ ಅಕೌಂಟ್‌ಗೆ ಗಟ್ಟಿ ಪಾಸ್‌ವರ್ಡ್ ಇಲ್ದಿದ್ರೆ ಮಾಡಿದ್ದೆಲ್ಲಾ ವ್ಯರ್ಥ.

ನಾನು ಓದಿದ್ದು ಬಿ.ಕಾಂ. ಕ್ಯಾಶ್ ಹಿಡಿಯೋರ ಕೈಗೇ ಲೆಡ್ಜರ್ ಕೊಡಬಾರದು ಅಂತ ಆಡಿಟಿಂಗ್‌ನಲ್ಲಿ ಹೇಳಿಕೊಡ್ತಾರೆ. ಕ್ಯಾಶಿಯರ್ ಕಳ್ಳ ಅಂತಲ್ಲ, ಅವಕಾಶ ಇರಬಾರದು ಅಂತ. ಇಲ್ಲೂ ಅದೇ ಲೆಕ್ಕ.

ತೊಡಕುಗಳೂ ಇವೆ. ವಿಂಡೋಸ್ ಹೋಮ್‌ನಲ್ಲಿ ಇದು ಬರಲ್ಲ, ಪ್ರೊ ಬೇಕು. ಹಳೇ ಕಂಪ್ಯೂಟರ್‌ಗೆ ಅಷ್ಟು ದುಡ್ಡು ಯಾಕೆ ಅನ್ನೋರು ಲಿನಕ್ಸ್ ಹಾಕಿ, ಅಲ್ಲೂ ಲಾಗಿನ್‌ಗೆ ಬ್ರೌಸರ್ ಒಂದೇ ತೆರೆಯೋ ಹಾಗೆ ಮಾಡಬಹುದು. ಎಡ್ಜ್‌ನಲ್ಲಿ ಡೌನ್‌ಲೋಡ್ ಆದ ಫೈಲ್ ಅಳಿಸೋಕೆ ಬೇರೆಯೇ ಒಂದು ಪಾಲಿಸಿ ಸೆಟ್ ಮಾಡಬೇಕು, ಇದನ್ನ ಮರೀಬೇಡಿ.

ದೊಡ್ಡ ತೊಡಕು ಇನ್ನೊಂದಿದೆ. "ಅಣ್ಣಾ, ವಾಟ್ಸ್‌ಆ್ಯಪ್ ಮಾಡಿದೀನಿ, ಪ್ರಿಂಟ್ ಕೊಡಿ" ಅಂತೀವಲ್ಲ, ಆ ಆಧಾರ್ ಫೋಟೊ ಹೋಗಿ ಕೂರೋದು ಮಾಲೀಕರ ಕಂಪ್ಯೂಟರ್‌ನಲ್ಲಿ. ಕಿಯೋಸ್ಕ್ ಅದನ್ನ ಮುಟ್ಟಲ್ಲ. ಅಂಗಡಿಯವರು ಕೇಳ್ತಾ ಇದ್ರೆ, ವಾಟ್ಸ್‌ಆ್ಯಪ್‌ನಲ್ಲಿ ಡಿಸಪಿಯರಿಂಗ್ ಮೆಸೇಜ್ 24 ಗಂಟೆಗೆ ಇಡಿ, ರಾತ್ರಿ ಬಾಗಿಲು ಹಾಕೋ ಮುಂಚೆ ಡೌನ್‌ಲೋಡ್ಸ್, ಆಮೇಲೆ ರೀಸೈಕಲ್ ಬಿನ್, ಎರಡೂ ಖಾಲಿ ಮಾಡಿ. ಗ್ರಾಹಕರು ಪ್ರಿಂಟ್ ಕೈಗೆ ಬಂದ್ಮೇಲೆ, "ಅಣ್ಣಾ, ಡಿಲೀಟ್ ಮಾಡಿದ್ರಾ?" ಅಂತ ಕೇಳಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ.