ಸೀಟು ಸಿಕ್ಕ ಮೇಲೆ



ಬಡವರ ಮಕ್ಕಳ ಕಾಲೇಜು ಓದಿನ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಮೀಸಲಾತಿಯಲ್ಲಿ ಶುರುವಾಗಿ ಮೀಸಲಾತಿಯಲ್ಲೇ ಮುಗಿಯುತ್ತದೆ. ಸೀಟು ಯಾರಿಗೆ, ಎಷ್ಟು ಪರ್ಸೆಂಟು, ಇಷ್ಟೇ. ಇವತ್ತು ನಾನು ಸೀಟು ಸಿಕ್ಕ ಮೇಲಿನ ಸಂಗತಿ ಹೇಳುತ್ತೇನೆ. ಹುಡುಗಿಯ ಹೆಸರು ಲಿಸ್ಟಿನಲ್ಲಿ ಬಂತು. ಆಮೇಲೆ ಅವಳು ಎಲ್ಲಿ ಉಳಿದುಕೊಳ್ಳುತ್ತಾಳೆ, ಎಲ್ಲಿ ಉಣ್ಣುತ್ತಾಳೆ, ಸ್ಕಾಲರ್‌ಶಿಪ್ ಯಾವ ತಿಂಗಳಲ್ಲಿ ಕೈಸೇರುತ್ತದೆ? ಡಿಗ್ರಿ ಮುಗಿಯುತ್ತದೋ, ಅರ್ಧಕ್ಕೆ ನಿಲ್ಲುತ್ತದೋ ಎನ್ನುವುದು ತೀರ್ಮಾನವಾಗುವುದು ಇಲ್ಲೇ.

ಇದು ನಮ್ಮ ಹಿರಿಯರಿಗೆ ತಿಳಿದಿತ್ತು. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿದರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಿಸಿದ ಸಮಿತಿ ಎಂದೇ ನಾವು ಅದನ್ನು ನೆನೆಯುತ್ತೇವೆ. ಆದರೆ ಆ ಸಮುದಾಯಗಳ ಮಕ್ಕಳು ಉನ್ನತ ಶಿಕ್ಷಣಕ್ಕೆ ಬರಲು ಏನೇನು ಅನುಕೂಲ ಬೇಕು ಎಂಬುದನ್ನೂ ಅದು ಪರಿಶೀಲಿಸಬೇಕಾಗಿತ್ತು. ಓದುವ ದಾರಿ ಮಾಡಿಕೊಡದೆ ನೌಕರಿಯಲ್ಲಿ ಪಾಲು ಕೊಟ್ಟರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ ಎನ್ನುವ ವಿವೇಕ ಅಂದಿನ ಸಂಸ್ಥಾನಕ್ಕಿತ್ತು.

ಅಂಬೇಡ್ಕರ್ ಅವರ ಬದುಕನ್ನೇ ನೋಡಿ. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್. ಅಲ್ಲಿಂದ ಲಂಡನ್‌ಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಬೇಕಾಯಿತು. ಮುಂಬೈಯಲ್ಲಿ ಪಾಠ ಹೇಳಿ, ಕೂಡಿಟ್ಟು, ಸಾಲ ಮಾಡಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು ಮತ್ತೆ ಲಂಡನ್ ಹಡಗು ಹತ್ತುವಾಗ 1920. ಅಂಥ ಮೇಧಾವಿಯನ್ನೇ ಹಣದ ಗಡುವು ಮೂರು ವರ್ಷ ಕಟ್ಟಿಹಾಕಿತು. ಮುಂದೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದಾಗ, ಪರಿಶಿಷ್ಟ ಜಾತಿಯ ಮಕ್ಕಳ ಓದಿಗೆ ಕೇಂದ್ರ ಸರ್ಕಾರವೇ ಹಣ ಕೊಡಬೇಕೆಂದು ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಎಂಬತ್ತು ವರ್ಷ ದಾಟಿದ ಆ ಯೋಜನೆ ಇವತ್ತಿಗೂ ಇದೆ.

ಇದೆ, ಆದರೆ ಹೇಗಿದೆ?

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡಿದವನು. ಕಚೇರಿಯ ಕಿಟಕಿಯ ಮುಂದೆ ಪ್ರತಿ ವರ್ಷವೂ ಕಂಡದ್ದನ್ನು ಹೇಳುತ್ತೇನೆ. ಹುಡುಗಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅಂಕಪಟ್ಟಿಯಲ್ಲಿ ರೇಣುಕಾ ಎಚ್., ಆಧಾರ್‌ನಲ್ಲಿ ರೇಣುಕಮ್ಮ. ಸ್ಕಾಲರ್‌ಶಿಪ್ ಪೋರ್ಟಲ್ ಇಬ್ಬರನ್ನೂ ಬೇರೆ ಬೇರೆ ಎನ್ನುತ್ತದೆ. ಆದಾಯ ಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದರೆ ಆ ಪತ್ರದ ಅವಧಿ ಮುಗಿದಿದೆ. ನಾಡಕಚೇರಿಗೆ ಹೋಗಬೇಕು, ಅಪ್ಪನೂ ಜೊತೆಗೆ ಬರಬೇಕು, ಅವನ ಆ ದಿನದ ಕೂಲಿ ಹೋಯಿತು. ಎಲ್ಲ ಸರಿಯಾಯಿತು ಅನ್ನುವಾಗ ಬ್ಯಾಂಕಿನ ತೊಡಕು. ಹಣ ಬರುವುದು ಅವಳು ಬರೆದುಕೊಟ್ಟ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅದು ಪ್ರೌಢಶಾಲೆಯಲ್ಲಿದ್ದಾಗ ತೆರೆದದ್ದು, ಈಗ ನಿಷ್ಕ್ರಿಯ. ಇಷ್ಟರೊಳಗೆ ಮೊದಲ ಸೆಮಿಸ್ಟರ್ ಪರೀಕ್ಷೆ ಬಂದಿರುತ್ತದೆ.

ಇದರಲ್ಲಿ ಅವಳ ತಪ್ಪು ಒಂದೂ ಇಲ್ಲ. ಜಾತಿ, ಆದಾಯ, ಅಂಕ, ಆಧಾರ್ ನಾಲ್ಕೂ ಸರ್ಕಾರದ ಬಳಿಯೇ ಇರುವ ದಾಖಲೆಗಳು. ತನ್ನ ಕಡತಗಳನ್ನು ತಾನೇ ತಾಳೆ ನೋಡುವ ಕೆಲಸವನ್ನು ಸರ್ಕಾರ ಹದಿನೆಂಟರ ಹುಡುಗಿಯ ತಲೆಗೆ ಕಟ್ಟಿದೆ. ನನ್ನ ದೃಷ್ಟಿಯಲ್ಲಿ ಇದು ಅನ್ಯಾಯ.

ಹಣದ ಲೆಕ್ಕವೂ ಇದನ್ನು ಜಟಿಲ ಮಾಡಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲು ಜಮೆ ಮಾಡಿದ ಮೇಲೆ ಕೇಂದ್ರದ್ದು ಬರಬೇಕು. ಎರಡು ಕಡೆಯಿಂದ, ಎರಡು ಬಾರಿ. ಮೆಸ್ ಬಿಲ್ಲು ಮಾತ್ರ ತಿಂಗಳು ತಿಂಗಳೂ ಬರುತ್ತದೆ.

ಹಾಗಾಗಿಯೇ ಹಾಸ್ಟೆಲ್ಲನ್ನು ನಾನು ಎಲ್ಲ ಯೋಜನೆಗಳಿಗಿಂತ ಮೇಲಿಡುತ್ತೇನೆ. ಹಾಸ್ಟೆಲ್ ಸೇರಿದ ಹುಡುಗನಿಗೆ ಅವತ್ತು ರಾತ್ರಿಯೇ ಊಟ ಸಿಗುತ್ತದೆ. ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್‌ನಲ್ಲಿದ್ದು ಓದಿದವರು. ಅವರ ‘ಊರುಕೇರಿ’ ಓದಿದವರಿಗೆ ಅಲ್ಲಿನ ಹಸಿವೂ ಗೊತ್ತು, ಗೆಳೆತನವೂ ಗೊತ್ತು, ಚರ್ಚೆಗಳೂ ಗೊತ್ತು. ಓದುವ ಹತ್ತು ಹುಡುಗರ ನಡುವೆ ಇರುವುದೇ ಒಂದು ಶಿಕ್ಷಣ. ದಲಿತ ಚಳವಳಿಗೂ ಕನ್ನಡ ಸಾಹಿತ್ಯಕ್ಕೂ ನಮ್ಮ ಹಾಸ್ಟೆಲ್‌ಗಳು ಕೊಟ್ಟಷ್ಟನ್ನು ಎಷ್ಟೋ ವಿಶ್ವವಿದ್ಯಾಲಯಗಳು ಕೊಟ್ಟಿಲ್ಲ.

ಆದರೆ ಅರ್ಜಿ ಹಾಕಿದವರಿಗೆಲ್ಲ ಹಾಸ್ಟೆಲ್ ಸಿಗುವುದಿಲ್ಲ. ಸಿಗದವರಿಗಾಗಿ 2013-14ರಲ್ಲಿ ರಾಜ್ಯ ಸರ್ಕಾರ ವಿದ್ಯಾಸಿರಿ ತಂದಿತು. ಹಿಂದುಳಿದ ವರ್ಗಗಳ ಮಕ್ಕಳ ಊಟ, ವಸತಿಗೆ ಆಗ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಒಳ್ಳೆಯ ಯೋಜನೆ, ಮನಸಾರೆ ಹೊಗಳುತ್ತೇನೆ. ಆದರೂ ಲೆಕ್ಕ ಹಾಕಿ: ದಿನಕ್ಕೆ 50 ರೂಪಾಯಿ. ಅದರಲ್ಲಿ ಎರಡು ಹೊತ್ತಿನ ಊಟ, ರೂಮಿನ ಬಾಡಿಗೆ ಎರಡೂ ಆಗಬೇಕಿತ್ತು. ಇಂಥ ಮೊತ್ತಗಳು ಬೆಲೆ ಏರಿದಂತೆ ತಾವಾಗಿಯೇ ಏರಬೇಕು. ಪ್ರತಿ ಬಜೆಟ್ಟಿನಲ್ಲೂ ಯಾರೋ ನೆನಪಿಟ್ಟುಕೊಂಡು ಕೊಡಲಿ ಎಂದು ಕಾಯುವಂತಾಗಬಾರದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿ ಒಂದು ಖರ್ಚಾದರೂ ತಪ್ಪಿತು, ಅದು ಸಣ್ಣದಲ್ಲ.

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯೋಮಾನದ ಒಟ್ಟು ದಾಖಲಾತಿ ಅನುಪಾತ ದೇಶದಲ್ಲಿ ಶೇ 28.4, ಪರಿಶಿಷ್ಟ ಜಾತಿಯಲ್ಲಿ 25.9, ಪರಿಶಿಷ್ಟ ಪಂಗಡದಲ್ಲಿ 21.2. ಅಂತರ ಕಿರಿದಾಗುತ್ತಿದೆ, ಸಂತೋಷ. ಆದರೆ ಇದು ಹೆಸರು ಹಚ್ಚಿದವರ ಲೆಕ್ಕ. ಎರಡನೇ ಸೆಮಿಸ್ಟರಿಗೆ ಬಾರದವಳ ಖಾಲಿ ಬೆಂಚನ್ನು ಈ ಅನುಪಾತ ಎಣಿಸುವುದಿಲ್ಲ.

ಸರ್ಕಾರದ ಮುಂದೆ ನನ್ನ ಬೇಡಿಕೆ ಒಂದೇ: ತರಗತಿ ಶುರುವಾದ ತಿಂಗಳೊಳಗೆ ಮೊದಲ ಕಂತು ಜಮೆಯಾಗಲಿ, ದಾಖಲೆಯ ತಕರಾರು ಆಮೇಲೆ ಬಗೆಹರಿಯಲಿ. ಇಲ್ಲಿ ಕುಳಿತ ನಿಮ್ಮಲ್ಲಿ ಬ್ಯಾಂಕಿನವರಿದ್ದೀರಿ, ಕಂದಾಯ ಇಲಾಖೆಯವರಿದ್ದೀರಿ, ನಿವೃತ್ತ ಮೇಷ್ಟ್ರುಗಳಿದ್ದೀರಿ. ಪಿಯುಸಿ ಫಲಿತಾಂಶ ಬಂದ ವಾರ ಈ ಸಭಾಭವನದಲ್ಲೇ ಎರಡು ಮೇಜು ಹಾಕಿ, ಮಕ್ಕಳ ದಾಖಲೆಗಳನ್ನು ಸರಿಪಡಿಸಿಕೊಡಲು ಕೂರೋಣ. ನಿಮ್ಮ ಬೀದಿಯ, ನಿಮ್ಮ ಮನೆಗೆಲಸದವರ ಮಕ್ಕಳನ್ನು ಆ ಪ್ಲಾಸ್ಟಿಕ್ ಕವರ್ ಸಮೇತ ಕರೆದುಕೊಂಡು ಬನ್ನಿ. ಬರುವವರು ಇವತ್ತೇ ಸಂಘದ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಿ.